ಯಾವ ಕಡೆಯ ಹೆಗಲು ತಗ್ಗು

ನಾನು ಹೆದರುವ ಸ್ವಭಾವದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ನಾನು ಕೆಲಸ ಮಾಡುವ ಕಂಪ್ಯೂಟರ್ ಅಂಗಡಿಗೆ ಬರುವವರೆಲ್ಲ ನನ್ನನ್ನು ಧೈರ್ಯಸ್ಥೆ ಎಂದೇ ತಿಳಿದಿದ್ದಾರೆ. ಯಾವ ಫೋನು ಕೊಳ್ಳಬೇಕು, ಯಾವ ಸಿಮ್ಮು ಹಾಕಿಸಬೇಕು, ಪಾಸ್‌ವರ್ಡು ಎಷ್ಟು ಉದ್ದ ಇರಬೇಕು, ಬಂದ ಲಿಂಕನ್ನು ಒತ್ತಬೇಕೋ ಬಿಡಬೇಕೋ ಎಂದು ನನ್ನನ್ನೇ ಕೇಳುತ್ತಾರೆ. ನಾನು ಗಂಭೀರವಾಗಿ ಉತ್ತರ ಹೇಳುತ್ತೇನೆ. ಈಜು ಬಾರದವಳು ಹೊಳೆಯ ದಡದಲ್ಲಿ ನಿಂತು ಎಲ್ಲೆಲ್ಲಿ ಆಳ ಎಂದು ತೋರಿಸಿದ ಹಾಗೆ. ಆಳ ಎಲ್ಲಿದೆ ಎಂಬುದು ಹೆದರುವವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ.

ನನಗೆ ದಿನಚರಿ ಬರೆಯುವ ಚಟವಿದೆ. ತಾರೀಖು, ಮಳೆ ಬಂತೋ ಇಲ್ಲವೋ, ಅಂಗಡಿಗೆ ಯಾರು ಬಂದರು, ಏನು ಕೇಳಿದರು ಎಂದೆಲ್ಲ ಬರೆದಾದ ಮೇಲೆ ಕೊನೆಯ ಸಾಲಿನಲ್ಲಿ 'ಇಂದಿನ ಭಯ' ಎಂದು ಬರೆದು ಅದರ ಮುಂದೆ ಆ ದಿನ ಯಾವುದಕ್ಕೆ ಹೆದರಿದೆನೋ ಅದನ್ನು ಹಾಕುತ್ತೇನೆ. ವರ್ಷದ ಕೊನೆಗೆ ಭಯಗಳನ್ನು ಬಗೆಬಗೆಯಾಗಿ ವಿಂಗಡಿಸಿ ಗೀಟು ಎಳೆದು ಕೂಡುವುದೂ ಉಂಟು. ಚಿಕ್ಕವಳಿದ್ದಾಗಿನ ಪುಸ್ತಕಗಳಲ್ಲಿ ಸಿಡಿಲು, ಹಾವು ಮತ್ತು ಗಣಿತದ ಮೇಷ್ಟ್ರು ಸರಿಸಮನಾಗಿ ಗೀಟು ಹಂಚಿಕೊಂಡಿದ್ದರು. ಈಗ ಮೂವರೂ ಸೋತಿದ್ದಾರೆ. ಗೀಟುಗಳೆಲ್ಲ ಫೋನಿನ ಪಾಲಾಗಿವೆ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಒಂದು. ಗುರುತಿರುವ ನಂಬರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಒಂದು. ಇಡೀ ದಿನ ಒಂದೂ ಕರೆ ಬಾರದಿದ್ದರೆ, ಸಿಮ್ಮು ಯಾರಾದರೂ ಕದ್ದರೋ ಏನೋ ಎಂದು ಮತ್ತೊಂದು.

ಫೋನು ಕೊಳ್ಳಲು ಬರುವವರು ಸಾಮಾನ್ಯವಾಗಿ ಕ್ಯಾಮೆರಾದಿಂದ ಶುರುಮಾಡುತ್ತಾರೆ. ನಾನು ಅವರನ್ನು, 'ನಿಮ್ಮನೇಲಿ ಎಲ್ಲಿ ನಿಂತು ಮಾತಾಡ್ತೀರಿ?' ಎಂದು ಕೇಳುತ್ತೇನೆ. ಕೆಲವರು ಕೊಟ್ಟಿಗೆಯ ಕಿಟಕಿ ಎನ್ನುತ್ತಾರೆ, ಕೆಲವರು ಬೇಲಿ ದಾಟುವ ದಣಪೆಯ ಹತ್ತಿರದ ಕಲ್ಲು ಎನ್ನುತ್ತಾರೆ. ನಮ್ಮ ಕಡೆ ಸಿಗ್ನಲ್ಲು ಊರಿಗೆ ಬರುವುದಿಲ್ಲ, ಊರಿನ ಒಂದು ಕಲ್ಲಿಗೆ ಬರುತ್ತದೆ. ಸಾಗರದಲ್ಲಿ ಮೆರೆಯುವ ಸಿಮ್ಮು ಹೊಸನಗರ ದಾಟಿದರೆ ಮೂಕವಾಗುತ್ತದೆ. ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಒಂದು ತಿರುವು ಇದೆ. ಅಲ್ಲಿಗೆ ಬಂದ ಕೂಡಲೇ ಅಷ್ಟು ಹೊತ್ತು ಸತ್ತಂತಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಟಿಣ್ ಟಿಣ್ ಎಂದು ಎದ್ದು ಕೂರುತ್ತವೆ. ಹರಟುತ್ತಿದ್ದ ಬಸ್ಸು ಒಂದು ಕ್ಷಣ ಗಪ್ ಆಗುತ್ತದೆ. ಎಲ್ಲರೂ ಜೇಬಿಗೆ ಕೈ ಹಾಕುತ್ತಾರೆ. ಅವರ ಮುಖ ನೋಡಿ. ಒಳ್ಳೆಯ ಸುದ್ದಿ ನಿರೀಕ್ಷಿಸುವವರ ಮುಖ ಹಾಗಿರುವುದಿಲ್ಲ.

ಆದ್ದರಿಂದ ಕ್ಯಾಮೆರಾ ಆಮೇಲೆ. ಮೊದಲು ನಿಮ್ಮ ಕಲ್ಲಿಗೆ ಯಾವ ಕಂಪನಿಯ ಗಾಳಿ ಬೀಸುತ್ತದೆ ನೋಡಿ. ಕರೆಂಟು ಎರಡು ದಿನ ಹೋದರೆ ಬ್ಯಾಟರಿ ತಡೆಯುತ್ತದೆಯೇ ಕೇಳಿ. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಶಿವಮೊಗ್ಗದವರೆಗೆ ಹೋಗಬೇಕೇ ವಿಚಾರಿಸಿ. ಕಳೆದುಹೋದರೆ ಅದರೊಳಗಿನದು ಇನ್ನೆಲ್ಲಿ ಉಳಿದಿರುತ್ತದೆ ಯೋಚಿಸಿ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ಹೆದರಿ, 'ಹಾಗಾದ್ರೆ ಸದ್ಯಕ್ಕೆ ಹಳೇದೇ ಇರ್ಲಿ ಬಿಡಿ' ಎಂದು ಎದ್ದು ಹೋಗಿರುತ್ತಾನೆ. ನನ್ನನ್ನು ಈ ಕೆಲಸದಿಂದ ಇನ್ನೂ ಯಾಕೆ ತೆಗೆದಿಲ್ಲ ಎಂಬುದು ನನ್ನ ದಿನಚರಿಗೂ ಅರ್ಥವಾಗದ ವಿಷಯ.

ಭದ್ರತೆಯ ಸಾಮಾನು ಕೊಂಡರೆ ಭಯ ಕಡಿಮೆಯಾಗುತ್ತದೆ ಎಂದೇನೂ ಇಲ್ಲ. ತೀರ್ಥಹಳ್ಳಿಯಲ್ಲಿರುವ ನಮ್ಮ ಅತ್ತೆ ಕಳ್ಳರ ಹೆದರಿಕೆಗೆ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದಳು. ವಾರ ಕಳೆಯುವುದರೊಳಗೆ ಅದರ ಪಾಸ್‌ವರ್ಡು ಮರೆತಳು. ಆಮೇಲೆ, ತನಗೆ ಕಾಣದ್ದು ಬೇರೆ ಯಾರಿಗೋ ಕಾಣುತ್ತಿರಬಹುದು ಎಂಬ ಯೋಚನೆ ಹತ್ತಿತು. ಈಗ ಅಂಗಳದಲ್ಲಿ ಬಟ್ಟೆ ಒಣಗಿಸುವಾಗ ಮೊದಲು ಹೋಗಿ ಕ್ಯಾಮೆರಾದ ಮೇಲೊಂದು ಟವೆಲು ಹೊದಿಸಿ ಬರುತ್ತಾಳೆ. ಊರಿಗೆ ಹೊರಟಾಗಲೂ ಹೊದಿಸುತ್ತಾಳೆ, ದೂಳು ಕೂತು ಹಾಳಾದೀತೆಂದು. ಕಳ್ಳ ಬಂದರೆ ಅವನಿಗೆ ಕಾಣುವುದು ನೀಲಿ ಗೀರಿನ ಟವೆಲು, ಕ್ಯಾಮೆರಾಕ್ಕೆ ಕಾಣುವುದೂ ಅದೇ.

ನಗುತ್ತೇನೆ, ಆದರೆ ನನ್ನ ಭಯವೂ ಬೇರೆ ಜಾತಿಯದಲ್ಲ. ಅದರ ಬುಡ ಹುಡುಕಿಕೊಂಡು ಹೋದರೆ ನಮ್ಮಜ್ಜನ ಹೆಬ್ಬೆಟ್ಟು ಸಿಗುತ್ತದೆ. ಅಜ್ಜ ಗೇಣಿ ಮಾಡುತ್ತಿದ್ದವನು. ಗೇಯುತ್ತಿದ್ದ ನೆಲ ತನ್ನ ಹೆಸರಿಗೆ ಆದ ದಿನ ಹೊಸನಗರದ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದವನು, ಆ ಮಸಿಯನ್ನು ತೊಳೆಯಲು ಮನಸ್ಸಾಗದೆ ಊಟಕ್ಕೆ ಕೂತಾಗ ಹೆಬ್ಬೆರಳನ್ನು ಮೇಲೆತ್ತಿಕೊಂಡೇ ಉಂಡನಂತೆ. ಅಪ್ಪನ ಕಾಲಕ್ಕೆ ಹೆಬ್ಬೆಟ್ಟು ಅವಮಾನವಾಯಿತು. ಅವನು ಹಟ ಹಿಡಿದು ಸಹಿ ಕಲಿತ. ನನ್ನ ಕಾಲಕ್ಕೆ ಅದು ಮತ್ತೆ ಮರ್ಯಾದೆಯ ವಿಷಯ. ಫೋನು ದುಬಾರಿಯದಾದಷ್ಟೂ ಓದಿದವರು ದಿನವಿಡೀ ಹೆಬ್ಬೆಟ್ಟು ಒತ್ತುತ್ತಾರೆ. ಆದರೆ ಅಡಿಕೆ ಸುಲಿಯುವ ಕಾಲ ಮುಗಿಯುವಷ್ಟರಲ್ಲಿ ಅಮ್ಮನ ಬೆರಳಿನ ಗೆರೆಗಳು ಸವೆದುಹೋಗಿರುತ್ತವೆ. ರೇಷನ್ ಅಂಗಡಿಯ ಯಂತ್ರ ಒಪ್ಪುವುದಿಲ್ಲ. ಅಮ್ಮ ಅಂಗಡಿಯವನ ಎದುರು, ಊರವರ ಎದುರು, ತಾನು ತಾನಲ್ಲ ಎಂದು ಯಂತ್ರದಿಂದ ಹೇಳಿಸಿಕೊಂಡು ಖಾಲಿ ಚೀಲ ಹಿಡಿದು ಬಂದದ್ದನ್ನು ನಾನು ನೋಡಿದ್ದೇನೆ. ಕಳ್ಳ ನನ್ನದನ್ನು ಕದಿಯುತ್ತಾನೆ ಎಂಬುದಕ್ಕಿಂತ ನನಗೆ ಹೆಚ್ಚು ಹೆದರಿಕೆಯಾಗುವುದು ಇದಕ್ಕೆ: ಒಂದು ದಿನ ಅವಸರದಲ್ಲಿ ಬಾಗಿಲು ಬಡಿದಾಗ, ನೀನು ನೀನಲ್ಲ ಎಂದು ಒಳಗಿನಿಂದ ಹೇಳಿದರೆ?

ಹೇಳಿದರು. ಅದೇ ಈಗ ಹೇಳಹೊರಟ ಸಂಗತಿ.

ನಮ್ಮ ಮನೆ ನಿಟ್ಟೂರಿನ ಕಡೆ, ರಸ್ತೆಯಿಂದ ಕೆಳಗೆ ಇಳಿದ ತಗ್ಗಿನಲ್ಲಿದೆ. ಮೇಲೆ ಕ್ರಾಸಿನಲ್ಲಿ ಮಂಜಪ್ಪಣ್ಣನ ಟೈಲರ್ ಅಂಗಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಆ ಸುತ್ತಿನಲ್ಲಿ ಸಿಗ್ನಲ್ಲು ಸಿಗುತ್ತಿದ್ದದ್ದು ಅವನ ಕಿಟಕಿಯೊಂದಕ್ಕೇ. ಕಿಟಕಿಯ ಮೊಳೆಗೆ ತಾನೇ ಹೊಲಿದ ಚೆಕ್ಸ್ ಬಟ್ಟೆಯ ಚೀಲವೊಂದನ್ನು ನೇತುಹಾಕಿ, ಅದರಲ್ಲಿ ತನ್ನ ಕೀಪ್ಯಾಡ್ ಫೋನನ್ನು ಇಟ್ಟಿರುತ್ತಿದ್ದ. ಯಾವ ಅರ್ಜಿಯಲ್ಲಿ ಮೊಬೈಲ್ ನಂಬರು ಕೇಳಿದರೂ ತಗ್ಗಿನ ಮನೆಗಳವರೆಲ್ಲ ಅವನ ನಂಬರನ್ನೇ ಬರೆಯುತ್ತಿದ್ದರು. ಗ್ಯಾಸಿನವರ ಸಂದೇಶ, ಶಾಲೆಯ ಸಂದೇಶ, ಬೆಳೆ ವಿಮೆಯ ಸಂದೇಶ ಎಲ್ಲ ಆ ಚೀಲಕ್ಕೇ ಬಂದು ಬೀಳುತ್ತಿತ್ತು. ಮಂಜಪ್ಪಣ್ಣ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಓಟಿಪಿಯನ್ನು ಮೇಜಿನ ಮೇಲೆ ಬರೆದು, ಯಾರದೆಂದು ಗೊತ್ತಾಗದೆ, ದಾರಿಯಲ್ಲಿ ಹೋಗುವವರನ್ನೆಲ್ಲ 'ನಿಮ್ದಾ ಇದು?' ಎಂದು ಕೇಳುತ್ತಿದ್ದ. ನಾವು ಆ ನಂಬರನ್ನು ಅವನದೆಂದು ಎಣಿಸುತ್ತಿರಲಿಲ್ಲ. ಅದು ಕ್ರಾಸಿನ ನಂಬರು, ಬಸ್ಸು ನಿಲ್ಲುವ ಜಾಗದ ಹಾಗೆ.

ಇದನ್ನು ಕಂಡರೆ ನನ್ನಂಥವಳಿಗೆ ಹೇಗಾಗಬೇಕು? ಹಾಗಾಗಿ ಕ್ರಾಸಿನ ಮಹಿಳಾ ಸಂಘದವರು ಮೊಬೈಲ್ ಮೋಸದ ಬಗ್ಗೆ ನಾಲ್ಕು ಮಾತು ಹೇಳೆಂದು ಕರೆದಾಗ ನಾಲ್ಕಕ್ಕೆ ನಿಲ್ಲಿಸಲಿಲ್ಲ. ಓಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ ಎಂದೆ. ಬ್ಯಾಂಕಿನವರೆಂದರೂ ಬೇಡ, ಪೊಲೀಸರೆಂದರೂ ಬೇಡ. ಗುರುತಿನವರ ದನಿಯನ್ನೇ ಈಗ ಯಂತ್ರ ಅನುಕರಿಸುತ್ತದೆ, ಅಳುತ್ತದೆ, ನಗುತ್ತದೆ. ನಾಳೆ ನಾನೇ ಫೋನು ಮಾಡಿ ಕೇಳಿದರೂ ಹೇಳಬೇಡಿ ಎಂದೆ. ಒಬ್ಬ ಹೆಂಗಸು, 'ಹಂಗಾರೆ ನಮ್ಮನೆಯವ್ರು ಫೋನ್ ಮಾಡಿದ್ರೂ ಎತ್ತೋದು ಬ್ಯಾಡ್ವಾ?' ಎಂದಾಗ ಇನ್ನೊಬ್ಬಳು, 'ಈಗೆಲ್ಲಿ ಎತ್ತುತೀಯ ನೀನು' ಎಂದಳು. ಎಲ್ಲರೂ ನಕ್ಕರು. ಮಂಜಪ್ಪಣ್ಣ ಮಾತ್ರ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕಾಜಾ ಹಾಕುತ್ತ ಕೂತಿದ್ದವನು ಸೂಜಿ ನಿಲ್ಲಿಸಿ ಕೇಳುತ್ತಿದ್ದ. ಅಂದು ಸಂಜೆ 'ಇಂದಿನ ಭಯ' ಎಂಬಲ್ಲಿ ನಾನು 'ಇಲ್ಲ' ಎಂದು ಬರೆದೆ. ನನ್ನ ಭಯವನ್ನು ಊರಿಗೆಲ್ಲ ಹಂಚಿ ಬಂದಿದ್ದೆನಲ್ಲ.

ಚಿಕ್ಕಪ್ಪನ ಮಗಳು ಪವಿತ್ರಾ ಬುದ್ಧಿವಂತೆ. ನರ್ಸಿಂಗ್ ಓದಬೇಕೆಂದು ಅವಳಿಗೆ ಆಸೆ. ಸೀಟು ಸಿಗುವಷ್ಟು ಅಂಕವೂ ಬಂದಿತ್ತು. ಯಾವ ಕಾಲೇಜು ಬೇಕೆಂದು ಕಂಪ್ಯೂಟರಿನಲ್ಲಿ ನಮೂದಿಸಬೇಕು, ಅಷ್ಟೇ. ಚಿಕ್ಕಪ್ಪ ಮಾತ್ರ ಹೂಂ ಎನ್ನಲಿಲ್ಲ. ಶಿವಮೊಗ್ಗ ದೂರ, ಹಾಸ್ಟೆಲ್ಲಿನ ಊಟ ಹೇಗೋ ಏನೋ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ 'ಮುಂದಿನ ವರ್ಷ' ಎಂದರೆ ಏನೆಂದು ಹೆಣ್ಣುಮಕ್ಕಳಿಗೆ ಗೊತ್ತು. ನನ್ನ ಡಿಗ್ರಿಯ ಆಚೆಗಿನ ಓದೂ ಮುಂದಿನ ವರ್ಷದಲ್ಲೇ ಇದೆ. ಕೊನೆಗೆ ಚಿಕ್ಕಮ್ಮ ಎರಡು ದಿನ ಮಾತು ಬಿಟ್ಟ ಮೇಲೆ ಅವನು ಒಪ್ಪಿದ. ಒಪ್ಪಿದ್ದು ಕೊನೆಯ ದಿನದ ಬೆಳಿಗ್ಗೆ. ಪವಿತ್ರಾ ಮಧ್ಯಾಹ್ನದ ಬಸ್ಸು ಹಿಡಿದು ರಿಪ್ಪನ್‌ಪೇಟೆಗೆ ಓಡಿ ಬರುವಷ್ಟರಲ್ಲಿ ಗಂಟೆ ಮೂರಾಗಿತ್ತು. ಸಂಜೆ ಐದಕ್ಕೆ ಪೋರ್ಟಲ್ಲು ಮುಚ್ಚುತ್ತಿತ್ತು.

ಅವಳ ಹೆಸರು, ಹುಟ್ಟಿದ ತಾರೀಖು ಹಾಕಿದೆ. ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ ಎಂದು ಪರದೆ ಹೇಳಿತು. ನಾವಿಬ್ಬರೂ ಅವಳ ಹೊಸ ಫೋನನ್ನು ನೋಡುತ್ತ ಕೂತೆವು. ಅದು ಸುಮ್ಮನಿತ್ತು.

'ಯಾವ ನಂಬರ್ ಕೊಟ್ಟಿದ್ದೆ?' ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

'ಕ್ರಾಸಿಂದು' ಎಂದಳು ಪವಿತ್ರಾ. 'ಹೈಸ್ಕೂಲಲ್ಲಿ ಮೇಷ್ಟ್ರೇ ಬರ್ಸಿದ್ದು.'

ಕ್ರಾಸಿಗೆ ಫೋನು ಮಾಡಿದರೆ ಫೋನು ಆರಿತ್ತು. ಪಕ್ಕದ ಹೋಟೆಲಿನವರನ್ನು ವಿಚಾರಿಸಿದೆವು. ಮಂಜಪ್ಪಣ್ಣ ಹೆಂಡತಿಯೊಂದಿಗೆ ವರದಹಳ್ಳಿಯ ಆಶ್ರಮಕ್ಕೆ ಹೋಗಿದ್ದಾನೆ, ಹೋಗುವಾಗ ಚೀಲದಿಂದ ಫೋನು ತೆಗೆದು ಜೇಬಿಗೆ ಹಾಕಿಕೊಂಡಿದ್ದಾನೆ ಎಂದರು. ಸಾಗರ ಮುಟ್ಟಿ ಅಲ್ಲಿಂದ ವರದಹಳ್ಳಿಗೆ ಹೋಗುವಷ್ಟರಲ್ಲಿ ಐದು ದಾಟುತ್ತಿತ್ತು. ಆಶ್ರಮದೊಳಗೆ ಕಾಲಿಡುವ ಮುನ್ನ ಫೋನು ಆರಿಸುವವರಲ್ಲಿ ಮಂಜಪ್ಪಣ್ಣ ಮೊದಲಿಗನೆಂದು ನನಗೆ ಗೊತ್ತು. ಕಾಯುವುದೊಂದೇ ಉಳಿದದ್ದು. ಮತ್ತೆ ಮತ್ತೆ ಕರೆ ಮಾಡಿದೆ. ಪವಿತ್ರಾ ಅಂಗಡಿಯ ಗೋಡೆಗಡಿಯಾರಕ್ಕೆ ಬೆನ್ನು ಹಾಕಿ ಕೂತಳು. ಆದರೂ ಅದರ ಸದ್ದು ಕೇಳುತ್ತಿತ್ತು.

ನಾಲ್ಕರ ಹೊತ್ತಿಗೆ ಕರೆ ಹೋಯಿತು. ಬೇಗ ಬೇಗ ಓಟಿಪಿಯನ್ನು ಹೊಸದಾಗಿ ಕಳಿಸಿದೆ. ಒಂದು ದಿನಕ್ಕೆ ಮೂರೇ ಸಲ ಕಳಿಸಬಹುದೆಂದು ಪರದೆಯ ಕೆಳಗೆ ಸಣ್ಣಕ್ಷರದಲ್ಲಿತ್ತು. ಇದು ಎರಡನೆಯದು.

'ಮಂಜಪ್ಪಣ್ಣ, ನಾನು ವೇಣಿ. ನಿಮ್ ಫೋನಿಗೆ ಪವಿತ್ರಂದು ಓಟಿಪಿ ಬಂದಿದೆ. ಸ್ವಲ್ಪ ಹೇಳಿ.'

'ಬಂದಿದೆ' ಎಂದ. 'ಹೇಳಲ್ಲ.'

'ಅಣ್ಣಾ, ನಾನು ವೇಣಿ.'

'ವೇಣಿ ನಂಬರ್ ನನ್ ಹತ್ರ ಇದೆ. ಇದು ಅದಲ್ಲ.'

ನಿಜ. ಮೋಸಗಾರರಿಗೆ ಸಿಗಬಾರದೆಂದು ನಾನು ಎರಡು ತಿಂಗಳ ಹಿಂದೆ ನಂಬರು ಬದಲಿಸಿ, ಹೊಸ ನಂಬರನ್ನು ಮನೆಯವರಿಗೆ ಮಾತ್ರ ಕೊಟ್ಟಿದ್ದೆ.

'ದನಿ ಗೊತ್ತಾಗಲ್ವಾ ಅಣ್ಣ?'

'ದನಿ ನೆಚ್ಚಬಾರ್ದು ಅಂತ ವೇಣಿನೇ ಹೇಳಿದಾಳೆ. ನಾನೇ ಮಾಡಿದ್ರೂ ಹೇಳ್ಬೇಡಿ ಅಂದಿದಾಳೆ. ಪುಣ್ಯಾತ್ಗಿತ್ತಿ ಮೊದ್ಲೇ ಹೇಳಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಇವತ್ತು ಮುಳುಗ್ತಿದ್ದೆ.' ಕರೆ ಕಡಿದ.

ಮತ್ತೆ ಮಾಡಿದೆ. ಈ ಸಲ ಪವಿತ್ರಾ ಮಾತಾಡಿದಳು. ಮಾತಾಡುತ್ತ ಅತ್ತೇಬಿಟ್ಟಳು. ಆ ಕಡೆ ಪದ್ಮಕ್ಕನ ದನಿ ಕೇಳಿಸಿತು. ಪದ್ಮಕ್ಕ ಎಂದರೆ ಮಂಜಪ್ಪಣ್ಣನ ಹೆಂಡತಿ. 'ಕೊಟ್ಬಿಡಿ ಅತ್ಲಾಗೆ, ಪಾಪ, ಅಳ್ತಿದೆ ಹುಡುಗಿ.'

'ಪಾಪ ಅನ್ನಿಸ್ಲಿ ಅಂತಾನೇ ಅಳೋದು. ಅದ್ನೂ ಹೇಳಿದಾಳೆ ವೇಣಿ' ಎಂದ ಮಂಜಪ್ಪಣ್ಣ.

ಅಷ್ಟರಲ್ಲಿ ಎರಡನೆಯ ಓಟಿಪಿಯ ಹೊತ್ತು ಮೀರಿತು. ಇನ್ನೊಂದೇ ಉಳಿಯಿತು. ಅದನ್ನು ಒತ್ತಲು ನನಗೆ ಬೆರಳೇ ಬರಲಿಲ್ಲ. ಅವನು ಒಪ್ಪುವ ಮೊದಲು ಒತ್ತಿದರೆ ಅದೂ ಹೋಯಿತು. ಪವಿತ್ರಾಳ ಮುಖ ನೋಡಿದೆ. ಅವಳು ನನ್ನನ್ನು ಬೈಯುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಆಗಲೇ ಒಗ್ಗಿಕೊಳ್ಳುತ್ತಿರುವವಳ ಹಾಗೆ ದುಪಟ್ಟಾದ ಅಂಚನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದಳು. ನನಗೆ ಹಾವು ಕಂಡಾಗ ಆದ ಭಯ ಗೊತ್ತು, ಸಿಡಿಲು ಹೊಡೆದಾಗ ಆದದ್ದೂ ಗೊತ್ತು. ಇದು ಅವೆರಡರ ಹಾಗಿರಲಿಲ್ಲ. ಅವು ಹೊರಗಿನಿಂದ ಬಂದಿದ್ದವು. ಈ ಬಾಗಿಲನ್ನು ನಾನೇ ನಿಂತು, ಅಗುಳಿ ಗಟ್ಟಿಯಾಗಿದೆಯೇ ಎಂದು ಅಲುಗಾಡಿಸಿ ನೋಡಿ ಹಾಕಿಸಿದ್ದೆ.

ಮೂರನೆಯ ಸಲ ಕರೆ ಮಾಡಿ, 'ಅಣ್ಣಾ, ನಾನು ವೇಣಿ ಅಲ್ಲ ಅಂತಲೇ ಇಟ್ಕೊಳ್ಳಿ. ಏನಾದ್ರೂ ಕೇಳಿ ಪರೀಕ್ಷೆ ಮಾಡಿ' ಎಂದೆ.

ಅವನು ಯೋಚಿಸಿದ. 'ನಿಮ್ಮಪ್ಪನ ಹೆಸ್ರು ಕೇಳಿ ಪ್ರಯೋಜ್ನ ಇಲ್ಲ. ಕಾರ್ಡಲ್ಲಿ ಇರುತ್ತೆ. ಹುಟ್ಟಿದ್ ತಾರೀಖೂ ಇರುತ್ತೆ.'  ಆಮೇಲೆ, 'ಹೆಗಲು ಹೇಳು' ಎಂದ.

'ಎಂಥ?'

'ವೇಣಿಗೆ ಒಂದ್ ಕಡೆ ಹೆಗಲು ತಗ್ಗು. ಯಾವ ಕಡೆ?'

ಓದುಗರೇ, ನನಗೆ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಹೊತ್ತು ತಿರುಗಿದ ಹೆಗಲುಗಳು, ಒಂದು ತಗ್ಗು ಎಂಬುದೇ ನನಗೆ ಹೊಸ ಸುದ್ದಿ. ಅಂಗಡಿಯಲ್ಲಿ ಕನ್ನಡಿ ಇಲ್ಲ. ಇನ್ನೊಂದು ಫೋನಿನ ಮುಂದಿನ ಕ್ಯಾಮೆರಾ ತೆರೆದು ನೋಡಿಕೊಂಡೆ. ಪರದೆಯ ಎಡಕ್ಕಿದ್ದ ಹೆಗಲು ಕೂದಲೆಳೆಯಷ್ಟು ಇಳಿದಂತಿತ್ತು. ಆದರೆ ಅದು ನನ್ನ ಎಡವೋ ಬಲವೋ? ಆ ಕ್ಯಾಮೆರಾ ಕನ್ನಡಿಯ ಹಾಗೆ ತೋರಿಸುತ್ತದೆಯೋ, ಎದುರು ನಿಂತವರು ಕಂಡ ಹಾಗೆ ತೋರಿಸುತ್ತದೆಯೋ? ಗಿರಾಕಿಗಳಿಗೆ ಕ್ಯಾಮೆರಾ ಆಮೇಲೆ ಎಂದು ಬೋಧಿಸುತ್ತ ಬಂದ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಒಂದು ಉತ್ತರಕ್ಕೆ ಸೀಟು, ಇನ್ನೊಂದು ಉತ್ತರಕ್ಕೆ ಮುಂದಿನ ವರ್ಷ. ನನ್ನ ಮೈಯ ವಿಷಯದಲ್ಲಿ ನಾನೇ ಊಹೆ ಮಾಡಬೇಕಾದ ಸ್ಥಿತಿ.

ಆಗ ಪವಿತ್ರಾ ಎದ್ದು ನನ್ನ ಬೆನ್ನ ಹಿಂದೆ ಬಂದಳು. ಎರಡೂ ಹೆಗಲ ಮೇಲೆ ಎರಡು ಕೈಯಿಟ್ಟು ತೂಗಿ ನೋಡಿ, ಕಿವಿಯಲ್ಲಿ, 'ಎಡ' ಎಂದಳು.

'ಎಡಗಡೆ ಅಣ್ಣ.'

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಸಿಗ್ನಲ್ಲೇ ಹೋಯಿತೇನೋ ಎಂದುಕೊಂಡೆ.

'ಹ್ಞಾ' ಎಂದ ಮಂಜಪ್ಪಣ್ಣ. 'ನಿನ್ನ ಯೂನಿಫಾರಮ್ಮಿಗೆ ಎಡಗಡೆ ಒಳಗಿಂದ ಒಂದು ಪಟ್ಟಿ ಇಡ್ತಿದ್ದೆ, ಹೊರಗೆ ಕಾಣ್ದಂಗೆ. ಹುಡುಗಿ ಬೇಜಾರ್ ಮಾಡ್ಕೊಂಡಾಳು ಅಂತ ಯಾರಿಗೂ ಹೇಳಿರ್ಲಿಲ್ಲ. ಕಳಿಸು ಈಗ.'

ಕಳಿಸಿದೆ. ಅವನು ಅಂಕಿಗಳನ್ನು ಬಿಡಿಬಿಡಿಯಾಗಿ ಓದಲಿಲ್ಲ. ಟೇಪು ಹಿಡಿದು ಅಳತೆ ಹೇಳುವ ಹಾಗೆ ಎರಡೆರಡು ಸೇರಿಸಿ, 'ಮೂವತ್ತಾರು... ಇಪ್ಪತ್ತೆಂಟು... ಹದಿನಾಲ್ಕು' ಎಂದ. ಪವಿತ್ರಾ ಒತ್ತಿದಳು. ಬಾಗಿಲು ತೆರೆಯಿತು. ಅವಳು ಕಾಲೇಜುಗಳ ಹೆಸರನ್ನು ಒಂದೊಂದಾಗಿ ಸೇರಿಸುವಾಗ ನಾನು ಗಡಿಯಾರವನ್ನು ನೋಡುತ್ತ ನಿಂತಿದ್ದೆ. ಐದಕ್ಕೆ ಇನ್ನೂ ಒಂದಿಷ್ಟು ಹೊತ್ತು ಇತ್ತು. 

ಪವಿತ್ರಾ ಈಗ ಶಿವಮೊಗ್ಗದಲ್ಲಿದ್ದಾಳೆ. ಹಾಸ್ಟೆಲ್ಲಿನ ಸಾರು ನೀರು ಎಂದು ಬೈಯುತ್ತಾಳೆ, ದಪ್ಪಗಾಗಿದ್ದಾಳೆ. ಹೋಗುವ ಮುನ್ನ ನಂಬರು ಬದಲಿಸಲು ಅಂಗಡಿಗೆ ಬಂದಿದ್ದಳು. ಸ್ವಂತ ನಂಬರು ಹಾಕಿದಳು. ಫೋನು ಕಳೆದರೆ ಇರಲಿ ಎಂದು ಇನ್ನೊಂದು ನಂಬರಿಗೂ ಜಾಗವಿತ್ತು. ನನ್ನದನ್ನು ಹಾಕುತ್ತಾಳೆಂದುಕೊಂಡು ನಂಬರು ಹೇಳಲು ಬಾಯಿ ತೆರೆದಿದ್ದೆ. ಅವಳು ಕ್ರಾಸಿನ ನಂಬರನ್ನೇ ಮತ್ತೆ ಒತ್ತಿದಳು.

'ಅಷ್ಟೆಲ್ಲ ಆದ್ಮೇಲೂ?' ಎಂದೆ.

'ನೀನಾದ್ರೆ ಯಾರೋ ನನ್ ದನೀಲಿ ಅತ್ತ ಕೂಡ್ಲೇ ಹೇಳ್ಬಿಡ್ತೀಯ' ಎಂದಳು.

ಗಿರಾಕಿಗಳಿಗೆ ಕೊಡುವ ಸಲಹೆಗೆ ನಾನೀಗ ಒಂದು ಮಾತು ಸೇರಿಸಿದ್ದೇನೆ. ಬೀಗ ಯಾವುದೆಂದು ಆಮೇಲೆ ನೋಡೋಣ, ಬೀಗದ ಕೈ ಕಳೆದ ದಿನ ನೀವು ನೀವೇ ಎಂದು ಹೇಳಬಲ್ಲವರು ಯಾರಿದ್ದಾರೆ, ಮೊದಲು ಅದನ್ನು ಹೇಳಿ ಎನ್ನುತ್ತೇನೆ. ಕೆಲವರು ಥಟ್ಟನೆ ಹೆಂಡತಿ ಎನ್ನುತ್ತಾರೆ. ಕೆಲವರು ಥಟ್ಟನೆ ಹೇಳುವುದಿಲ್ಲ. ಒಂದು ಸಂಜೆ ನನ್ನ ಪಾಲಿಗೂ ಅದನ್ನು ಬರೆದು ನೋಡೋಣವೆಂದು ದಿನಚರಿ ತೆರೆದೆ. ಅಮ್ಮನ ಹೆಸರು ಬಂತು. ಪವಿತ್ರಾಳದು ಬಂತು, ಅವಳ ಕೈಗೆ ನನ್ನ ಹೆಗಲು ಗೊತ್ತು. ಮೂರನೆಯದಾಗಿ ಮಂಜಪ್ಪಣ್ಣ ಎಂದು ಬರೆದೆ. ಆಮೇಲೆ ಪೆನ್ನು ನಿಂತಿತು. ನನ್ನ ಫೋನಿನೊಳಗೆ ಇರುವ ಅಷ್ಟೊಂದು ಹೆಸರುಗಳಲ್ಲಿ ನಾಲ್ಕನೆಯದನ್ನು ಹುಡುಕುತ್ತ ಕೂತಾಗ ಹೊಸ ಬಗೆಯ ಹೆದರಿಕೆ ಶುರುವಾಯಿತು. ಮಂಜಪ್ಪಣ್ಣನಿಗೂ ಗೊತ್ತಿರುವುದು ಹೈಸ್ಕೂಲಿನ ವೇಣಿ. ಆಮೇಲೆ ನಾನು ಉಟ್ಟದ್ದು ತೊಟ್ಟದ್ದೆಲ್ಲ ಫೋನಿನಲ್ಲಿ ಆರಿಸಿ ತರಿಸಿದ ರೆಡಿಮೇಡು. ಎಂ, ಎಲ್ ಎಂಬ ಅಕ್ಷರಗಳಿಗೆ ನನ್ನ ಹೆಗಲಿನ ಗೊಡವೆ ಇಲ್ಲ. ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಬಾಗಿ ಕೂತು ಈಗ ಬಲಗಡೆಯೇ ತಗ್ಗಾಗಿದ್ದರೆ? ಇನ್ನೊಂದು ಸಲ ಇಂಥದೇ ಪ್ರಶ್ನೆ ಬಂದು, ನಾನು ನಿಜ ಹೇಳಿ, ಅವನು ಒಪ್ಪದೆ ಹೋದರೆ?

ಹೋದ ವಾರ ರಜೆ ಹಾಕಿ, ಒಂದು ರವಿಕೆಯ ಬಟ್ಟೆ ಹಿಡಿದು ಕ್ರಾಸಿಗೆ ಹೋದೆ. ಈಗ ಎಲ್ಲರ ಮನೆಗೂ ಒಂದಿಷ್ಟು ಸಿಗ್ನಲ್ಲು ಬರುತ್ತದೆ. ಚೆಕ್ಸ್ ಚೀಲ ಮಾತ್ರ ಅದೇ ಮೊಳೆಯಲ್ಲಿತ್ತು. ಮಂಜಪ್ಪಣ್ಣ ಹಳೆಯ ಮಾತನ್ನು ಎತ್ತಲಿಲ್ಲ. ಟೇಪನ್ನು ಕುತ್ತಿಗೆಯಿಂದ ತೆಗೆದು ಬೆನ್ನಿಗೆ ಹಿಡಿದು, ಒಂದು ಕಡೆ ನೋಡಿ, ಇನ್ನೊಂದು ಕಡೆ ನೋಡಿ, ಬಾಯಲ್ಲಿ ಏನೋ ಗೊಣಗಿಕೊಂಡ. ನಾನು ಉಸಿರು ಹಿಡಿದು ನಿಂತಿದ್ದೆ.

'ಸಡ್ಲ ಬಿಡು ಮಾರಾಯ್ತಿ' ಎಂದ. 'ಹಿಂಗೆ ಸೆಟೆದು ನಿಂತ್ರೆ ಅಳತೆ ಸಿಗಲ್ಲ. ಎಡಗಡೆ ತಗ್ಗು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ.'